ಹೆಣ್ಣು ನೋಡಲು ಹೋದವನು ಬೇವಿನ ಮರ ಏರಿದ್ದು

ಡಾಬಕಾದ ಪಂಢರಿಯ ತೋಳುಗಳೆಂದರೆ ತೋಳುಗಳಲ್ಲ, ಬೀದರ ಕೋಟೆಯ ಮೇಲಿನ ಜೋಡಿ ತೋಪು! ಚಿಕ್ಕಂದಿನಲ್ಲಿ ಜ್ವರ ಬಂದು ಎಡಗಾಲು ಒಣಬಳ್ಳಿಯ ಹಾಗೆ ಬತ್ತಿತು. ಅದರ ಶಕ್ತಿಯೆಲ್ಲ ಹೆಗಲಿಗೆ ಏರಿ ಕುಳಿತಿತು. ಕೆಸರಿನಲ್ಲಿ ಹೂತ ಬಂಡಿಯನ್ನು ಅವನು ಎತ್ತುಗಳ ಸಮೇತ ಎತ್ತಿಟ್ಟದ್ದನ್ನು ಔರಾದ ತಾಲ್ಲೂಕಿನಲ್ಲಿ ನೋಡದವರಿಲ್ಲ. ನೋಡಿಲ್ಲ ಎನ್ನುವವರು ಆ ದಿನ ಮಲಗಿದ್ದರು, ಅಷ್ಟೆ.

ತಾನು ಕುಂಟನೆಂದು ಪಂಢರಿಗೆ ಎಂದೂ ಅನ್ನಿಸಿರಲಿಲ್ಲ. ಅನ್ನಿಸುತ್ತಿದ್ದದ್ದು ಅವನ ಕಾಕಾ ಬಕ್ಕಪ್ಪನಿಗೆ. ಐವತ್ತು ದಾಟಿದ ಮೇಲೆ ಬಂಡಿಯ ಗಾಲಿ ಹಾಯ್ದು ಬಲಗಾಲು ಹೋಗಿ, ಕಟ್ಟಿಗೆಯ ಕಾಲು ಕಟ್ಟಿಕೊಂಡವನು ಅವನು.

“ನಿನಗೇನು ಗೊತ್ತಲೇ,” ಎನ್ನುತ್ತಿದ್ದ. “ನೀ ಓಡಿದಾಂವs ಅಲ್ಲ. ನಾ ಓಡೇನಿ. ನನಗ ಅದು ನೆನಪೈತಿ.”

ಪೊಲೀಸ್ ಆ್ಯಕ್ಷನ್ ಆದ ವರ್ಷ. ನಿಜಾಮನ ಆಳ್ವಿಕೆ ಮುಗಿದು ಹಾದಿಗಳು ತೆರೆದಿದ್ದೇ ತಡ, ಇಬ್ಬರೂ ಸಾಯಗಾಂವಕ್ಕೆ ಹೆಣ್ಣು ನೋಡಲು ಹೊರಟರು. ಕಾಲು ಕಂಡು ನೂರೆಂಟು ಮನೆಯವರು ಒಲ್ಲೆ ಎಂದಿದ್ದರು. ಪಂಢರಿಗೆ ಆ ನೂರೆಂಟರ ಚಿಂತೆ ಇರಲಿಲ್ಲ. ಭಾಲ್ಕಿ ಸಂತೆಯಲ್ಲಿ ಒಮ್ಮೆ ಕಂಡ ಲಲಿತಾಬಾಯಿ ಒಬ್ಬಳು ಹೂಂ ಎಂದರೆ ಸಾಕಿತ್ತು.

ಬಕ್ಕಪ್ಪನ ಹಿಕಮತ್ತು ಹೀಗಿತ್ತು: ಬಂಡಿಯನ್ನು ಹೆಣ್ಣಿನ ಮನೆಯ ಕಟ್ಟೆಗೆ ತಾಗಿಸಿ ನಿಲ್ಲಿಸುವುದು, ಇಬ್ಬರೂ ಬಂಡಿಯಿಂದ ನೇರ ಜಮಖಾನೆಗೆ ಜಾರುವುದು, ಕಾಲಿನ ಮೇಲೆ ಶಾಲು ಹೊದೆಯುವುದು, ಸತ್ತರೂ ಏಳದಿರುವುದು. ಎಲ್ಲವೂ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಡೆಯಿತು.

ಹುಡುಗಿಯ ಅಜ್ಜಿ ಸುಭದ್ರಾಬಾಯಿ ವಾಡಿಕೆಯಂತೆ, “ನಡದು ತೋರಸವ್ವಾ,” ಅಂದಳು. ಲಲಿತಾಬಾಯಿ ನೀರಿನ ತಂಬಿಗೆ ಹಿಡಿದು ಅಂಗಳದ ಈ ತುದಿಯಿಂದ ಆ ತುದಿಗೆ ನಡೆದಳು.

ಅಷ್ಟರಲ್ಲಿ ಗುಡುಗಿತು! ಮೋಡವಿಲ್ಲದ ಆಕಾಶ ಸೀಳಿದಂತೆ, ಕೋಳಿಗಳೆಲ್ಲ ಮಹಾರಾಷ್ಟ್ರದವರೆಗೆ ಹಾರಿಹೋಗುವಂತೆ!

“ವಿಮಾನ! ವಿಮಾನ ಬಂತ್ರೋ!”

ನೋಡಲು ಊರಿಗೆ ಊರೇ ಹೊರಗೆ ಓಡಿತು.

“ಕುಂದ್ರಲೇ! ಏಳಬ್ಯಾಡ!” ಬಕ್ಕಪ್ಪ ಹಲ್ಲು ಕಚ್ಚಿ ಪಿಸುಗುಟ್ಟಿದ. ಯಾರಿಗೆ? ಜಮಖಾನೆಯ ಮೇಲೆ ಬರೀ ಶಾಲು ಉಳಿದಿತ್ತು. ಪಂಢರಿ ಕೊಂಬೆಯಿಂದ ಕೊಂಬೆಗೆ ಕೈಯಲ್ಲೇ ನೆಗೆಯುತ್ತ ಅಂಗಳದ ಬೇವಿನ ಮರದ ತುದಿ ತಲುಪಿಬಿಟ್ಟಿದ್ದ.

“ಕಾಕಾ! ಒಳಗ ಕುಂತಾಂವ ನನಗ ಕೈ ಮಾಡಿದ!”

ವಿಮಾನ ಹೋಯಿತು. ಜನರ ಕಣ್ಣು ಆಕಾಶದಿಂದ ಇಳಿದು, ಕೊಂಬೆಯಿಂದ ಜೋತ ಬತ್ತಿದ ಕಾಲಿನ ಮೇಲೆ ನಿಂತವು.

“ಬೀಗರ, ಹುಡುಗನ ಕಾಲಿಗೆ ಏನಾಗೇದ್ರಿ?” ಸುಭದ್ರಾಬಾಯಿ ಕೇಳಿದಳು.

“ಅದು... ಜೋಮು ಹಿಡದದ್ರಿ. ಕುಂತು ಕುಂತು.”

“ಜೋಮಲ್ರಿ ಅಜ್ಜಿ,” ಮೇಲಿನಿಂದ ಪಂಢರಿ ಕೂಗಿದ. “ಸಣ್ಣಾಂವ ಇದ್ದಾಗಿಂದ ಹಿಂಗs ಐತಿ.”

ಬಕ್ಕಪ್ಪ ಕಣ್ಣು ಮುಚ್ಚಿದ.

“ನಾ ನಡದು ತೋರಿಸೇನಿ,” ಲಲಿತಾಬಾಯಿ ಅಂದಳು. “ಈಗ ಅವರೂ ನಡೀಲಿ.”

ಪಂಢರಿ ಇಳಿದ. ಮೊಣಕಾಲಿಗೆ ಕೈ ಊರಿ, ಒಂದು ಹೆಜ್ಜೆಗೆ ಬಗ್ಗಿ ಒಂದು ಹೆಜ್ಜೆಗೆ ಎದ್ದು, ಅಂಗಳ ದಾಟಿದ. ಎದೆ ನಗಾರಿಯಾಗಿತ್ತು; ಬೀದರದಲ್ಲಿ ಕೇಳಿಸಿದ್ದರೂ ಅಚ್ಚರಿಯಿಲ್ಲ.

“ಮತ್ತ ವಿಮಾನ ಬಂದ್ರ ನನ್ನೂ ಗಿಡ ಏರಸ್ತೀರೇನು?” ಅವಳು ಕೇಳಿದಳು.

“ಹೆಗಲ ಮ್ಯಾಲ ಕುಂದ್ರಿಸಿಕೊಂಡು ಏರ್ತೇನಿ!”

ಅಜ್ಜಿ ಸೆರಗಿನಲ್ಲಿ ನಗು ಮುಚ್ಚಿ ಒಳಗಿದ್ದ ಸೊಸೆಗೆ ಕೂಗಿದಳು: “ಕಸ್ತೂರಿ, ಹೋಳಿಗಿಗೆ ಕಣಕ ನಾದು! ಬೀಗರ, ನೀವ್ಯಾಕ ಕುಂತ್ರಿ? ನಿಮಗೂ ಜೋಮೇನು?”

ಬಕ್ಕಪ್ಪ ಧೋತರ ಸರಿಸಿ ಕಟ್ಟಿಗೆಯ ಕಾಲು ಮುಂದೆ ಚಾಚಿದ. ಆಮೇಲೆ ಇಡೀ ಸಾಯಗಾಂವ ಬೆಚ್ಚುವಂತೆ ಅಂದ: “ಜೋಮಲ್ರಿ, ಕಟ್ಟಿಗಿ!”

ಪಂಢರಿ ಹೆಗಲು ಕೊಟ್ಟ. ಇಬ್ಬರ ನಡುವೆ ಎರಡೇ ಗಟ್ಟಿ ಕಾಲು. ಆದರೂ ಅವರು ಊಟಕ್ಕೆ ನಡೆದ ಗತ್ತಿಗೆ ಪಲ್ಟನ್ನೇ ದಾರಿ ಬಿಡಬೇಕು.