ಹಾವುಮೀನಿನ ದೋಣಿಯಲ್ಲಿ ದೊರೆ

“ಇನ್ನೊಂದ್ಸಲ ನೂಕ್ರೋ!” ಎಂದು ಕೂಗಿ ಜೌಗಿನ ಮೀನುಗಾರ್ತಿ ಬ್ರಿಜೆಟ್ ತಾನೂ ಗಾಡಿಯ ಹಿಂಭಾಗಕ್ಕೆ ಹೆಗಲು ಕೊಟ್ಟಳು. ಆರು ಕುದುರೆಯ ಕರಿಗಾಡಿ ಕದಲಲಿಲ್ಲ. ಅಚ್ಚಿನವರೆಗೂ ಕೆಸರು. ಮುಂದೆ ದಾರಿಯೇ ಇರಲಿಲ್ಲ. ಅರ್ಧ ಮೈಲಿಯಾಚೆಯ ಚರ್ಚಿನವರೆಗೂ ನೆರೆನೀರು ಹರಡಿಕೊಂಡಿತ್ತು.

ಗಾಡಿಯೊಳಗಿನ ಸೀಸದ ಶವಪೆಟ್ಟಿಗೆಯಲ್ಲಿ ಮಲಗಿದ್ದವರು ಆ ಜೌಗು ಸೀಮೆಯ ದೊರೆ, ಪಾರ್ಲಿಮೆಂಟಿನ ಮೇಲ್ಮನೆಯ ಸದಸ್ಯರಾಗಿದ್ದ ಲಾರ್ಡ್ ಥಾರ್ನ್‌ಮಿಯರ್. ಮಕ್ಕಳಿಲ್ಲದ ಅವರಿಗೆ ತಮ್ಮನ ಮಗ ಪೆರೆಗ್ರಿನ್ನೇ ವಾರಸುದಾರ. ಲಂಡನ್ನಿನಿಂದ ಬಂದ ಈ ಹೊಸ ದೊರೆ ದಿಕ್ಕು ತೋಚದೆ ನಿಂತಿದ್ದ.

“ಬುದ್ಧಿ, ನಮ್ಮ ದೋಣೀಲಿ ಕರ್ಕೊಂಡ್ಹೋಗ್ತೀವಿ,” ಎಂದಳು ಬ್ರಿಜೆಟ್.

“ಹಾವುಮೀನು ಹೊರೋ ದೋಣೀಲಾ? ನಮ್ಮ ದೊಡ್ಡಪ್ಪನ್ನಾ? ಲಂಡನ್ನಿನವರು ಕೇಳಿದ್ರೆ ನಗ್ತಾರೆ.”

“ನಗಲಿ ಬಿಡಿ. ಅವತ್ತೂ ನಕ್ಕಿದ್ರು,” ಎಂದ ಮುದಿ ಗಾಡಿಯಾಳು ಗಿಲ್ಬರ್ಟ್.

“ಯಾವತ್ತು?”

ಗಿಲ್ಬರ್ಟ್ ಬ್ರಿಜೆಟ್ಟಳ ಮುಖ ನೋಡಿದ. ಅವಳು ಕೈಯ ಕೆಸರು ಒರೆಸಿಕೊಂಡು ಹೇಳತೊಡಗಿದಳು.

*

ಇಪ್ಪತ್ತು ವರ್ಷದ ಹಿಂದೆ ಲಂಡನ್ನಿನ ಸಾಹುಕಾರರು ಜೌಗನ್ನು ಬತ್ತಿಸಿ ಗೋಧಿ ಬೆಳೆಯಲು ಹೊರಟಿದ್ದರು. ಒಪ್ಪಿದರೆ ಮೂರರಲ್ಲೊಂದು ಪಾಲು ನೆಲ ದೊರೆಯದೇ. ಒಂದು ಬೆಳಿಗ್ಗೆ ದೊರೆಯೊಬ್ಬರೇ ಬಂದು, “ಒ-ಒಂದು ಸುತ್ತು ತೋರಿಸ್ತೀಯೇನಮ್ಮಾ?” ಎಂದು ಬ್ರಿಜೆಟ್ಟಳನ್ನು ಕೇಳಿದರು. ಹುಟ್ಟಿನಿಂದಲೂ ಉಗ್ಗು.

ಜೊಂಡಿನೊಳಗಿನ ಕೊಕ್ಕರೆ ಗೂಡು ನೋಡಲು ದೋಣಿಯಲ್ಲಿ ಎದ್ದು ನಿಂತವರು ದೊಪ್ಪನೆ ನೀರಿಗೆ ಬಿದ್ದರು. ಅವಳು ಕೊರಳಪಟ್ಟಿ ಹಿಡಿದು ಎಳೆದು ಹಾಕಿದಳು. ಅವಳ ಗಂಡನ ಚಲ್ಲಣ ತೊಟ್ಟು ಒಲೆಯ ಮುಂದೆ ಕೂತು, ಎರಡನೇ ಬಟ್ಟಲು ಹಾವುಮೀನಿನ ಸಾರು ಕುಡಿಯುವಾಗ ಕೇಳಿದರು: “ನೀ-ನೀರು ಹೋದ್ರೆ ಏನ್ಮಾಡ್ತೀರಿ?”

“ನೀರಿನ ಹಿಂದೇನೇ ಹೋಗ್ತೀವಿ ಬುದ್ಧಿ. ಇನ್ನೆಲ್ಲಿಗೆ ಹೋಗೋಣ?”

ಅವರು ಚಮಚ ಕೆಳಗಿಟ್ಟರು.

ತಮ್ಮ ನಾಲಿಗೆಗೆ ಹೆದರಿ ಮೇಲ್ಮನೆಯಲ್ಲಿ ಎಂದೂ ಬಾಯಿ ಬಿಡದಿದ್ದವರು ಆ ಚಳಿಗಾಲ ಎದ್ದು ನಿಂತರು. ಬಾಗಿಲಾಚೆ ಕಾಯುತ್ತಿದ್ದ ಗಿಲ್ಬರ್ಟ್ ಎಲ್ಲ ಕೇಳಿಸಿಕೊಂಡಿದ್ದ. ಒಂದೊಂದು ಮಾತಿಗೂ ದೊರೆಗೆ ಉಸಿರು ಕಟ್ಟುತ್ತಿತ್ತು. ಪ್ರಭುಗಳು ಅಣಕಿಸಿದರು, ಬೆಂಚು ಬಡಿದು ನಕ್ಕರು. ಹೇಳಬೇಕಾದದ್ದೆಲ್ಲ ಮುಗಿದ ಮೇಲೆಯೇ ದೊರೆ ಕೂತದ್ದು. ನಾಲ್ಕು ಮತಗಳಿಂದ ಜೌಗು ಬತ್ತಿಸುವ ಮಸೂದೆ ಬಿದ್ದುಹೋಯಿತು. ಅದರ ಸಿಟ್ಟಿಗೆ ಅರಮನೆಯಲ್ಲಿದ್ದ ಅವರ ಹುದ್ದೆಯೂ ಹೋಯಿತು.

*

“ನಂಗೆ ಒಂದಿನಾನೂ ಹೇಳ್ಲಿಲ್ಲ,” ಎಂದ ಪೆರೆಗ್ರಿನ್.

“ಹೇಳೋಕೆ ಬಹಳ ಹೊತ್ತು ಹಿಡೀತಿತ್ತಲ್ಲ ಬುದ್ಧಿ,” ಎಂದು ಗಿಲ್ಬರ್ಟ್ ನಕ್ಕು, ಹಾಗೇ ಕಣ್ಣೊರೆಸಿಕೊಂಡ.

ಪೆರೆಗ್ರಿನ್ ಗಾಡಿಯ ಬಾಗಿಲು ತೆರೆದ.

ಎಂಟು ಜನ ಪೆಟ್ಟಿಗೆ ಇಳಿಸಿದಾಗ ದೋಣಿ ಅಂಚಿನವರೆಗೂ ಮುಳುಗಿತು. ಪೆರೆಗ್ರಿನ್ನೂ ಹತ್ತಿದ ಮೇಲೆ ಬ್ರಿಜೆಟ್ ದೋಣಿ ನೂಕುವ ಗಳ ಊರಿದಳು. ಜೊಂಡಿನ ಸಂದಿಯಿಂದ ಒಂದೊಂದಾಗಿ ದೋಣಿಗಳು ಹೊರಬಂದು ಹಿಂದೆ ಕೂಡಿಕೊಂಡವು. ಯಾರೂ ಕರೆದಿರಲಿಲ್ಲ. ಹಸುಗೂಸು ಎತ್ತಿಕೊಂಡ ಹೆಂಗಸರೂ ಇದ್ದರು.

ನಡುದಾರಿಯಲ್ಲಿ ಭಾರಕ್ಕೆ ಹಲಗೆಯ ಸಂದು ಬಿಟ್ಟುಕೊಂಡು ನೀರು ಜಿನುಗತೊಡಗಿತು. ಬ್ರಿಜೆಟ್ಟಳ ಎರಡೂ ಕೈ ಗಳದ ಮೇಲೆ. “ಬುದ್ಧಿ…” ಎಂದಳಷ್ಟೇ.

ಪೆರೆಗ್ರಿನ್ ಗರಿ ಸಿಕ್ಕಿಸಿದ್ದ ತನ್ನ ಮಖಮಲ್ಲಿನ ಟೋಪಿ ತೆಗೆದು, ದೊಡ್ಡಪ್ಪನ ಪಕ್ಕದಲ್ಲಿ ಮಂಡಿಯೂರಿ, ಮೊಗೆಮೊಗೆದು ನೀರು ಹೊರಚೆಲ್ಲತೊಡಗಿದ.