ಮಂಜಿನಲ್ಲಿ ಕೂತುಬಿಟ್ಟ ಅಮ್ಮ

ರಜೆ ಬಂತೆಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಬೆಟ್ಟಕ್ಕೆ ಹೋಗೋಣ." ಕೈಯಲ್ಲೊಂದು ನೀರಿನ ಬಾಟಲಿ, ಕಾಲಲ್ಲಿ ಚಪ್ಪಲಿ, ಹೊರಟೇಬಿಡುತ್ತಾರೆ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಕೇಳಿದರೆ, "ಅಯ್ಯೋ, ಬೆಟ್ಟ ತಾನೇ! ಹತ್ತೋದು, ಇಳಿಯೋದು" ಎಂಬ ಉತ್ತರ.

ಒಬ್ಬ ಕ್ಷೌರಿಕನೂ ಹಾಗೇ ಅಂದಿದ್ದ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವನ ಅಂಗಡಿ. ಎಲ್ಲಿಗೆ ಹೊರಟರೂ ಸಂದಿಗೊಂದಿ ಹುಡುಕಿ ನುಗ್ಗುವವನು, ಹಾಗಾಗಿ ಬೀದಿಯವರು ಅವನಿಗೆ 'ಒಳದಾರಿ' ಎಂದೇ ಹೆಸರಿಟ್ಟಿದ್ದರು. ಅಂಗಡಿಯ ಹಿಂದೆಯೇ ಮನೆ. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ತಾಯಿ ದೊಡ್ಡಾಸ್ಪತ್ರೆಯಲ್ಲಿ ರೋಗಿಗಳ ಹಾಸಿಗೆ ಬಟ್ಟೆ ಒಗೆದು, ಇಸ್ತ್ರಿ ಮಾಡಿ, ವರ್ಷಗಟ್ಟಲೆ ನಿಂತೇ ದುಡಿದವರು. ಕೆಲಸ ಬಿಟ್ಟ ಮೇಲೂ ಸುಮ್ಮನೆ ಕೂರುವ ಜೀವವಲ್ಲ. ಅಂಗಡಿಯ ಮೂಲೆಯಲ್ಲಿ ಟವೆಲ್ ಮಡಿಸುತ್ತ, ಬಂದವರ ಮಾತಿಗೆ ತಮ್ಮದೂ ಒಂದು ಸೇರಿಸುತ್ತ ಇರುತ್ತಿದ್ದರು.

ಒಂದು ದಿನ ಗಿರಾಕಿಯೊಬ್ಬ ಫೋನಿನಲ್ಲಿ ಚಿತ್ರ ತೋರಿಸಿದ. ರಾಷ್ಟ್ರೀಯ ಉದ್ಯಾನದ ಬೆಟ್ಟದ ತಲೆಯ ಮೇಲೆ ಒಂದು ಕೆರೆ.

"ಆಕಾಶಾನ ಬಟ್ಟಲಿಗೆ ಸುರಿದಿಟ್ಟ ಹಾಗಿದೆಯಲ್ಲೋ!" ಅಂದರು ತಾಯಿ. "ಮಗನೇ, ನಾನು ಇದನ್ನ ನೋಡ್ಬೇಕು."

"ಅಷ್ಟೇ ತಾನೇ? ವಾರದ ರಜೆ ದಿನ ಹೋಗಿ ಬಂದ್ಬಿಡೋಣ."

ಆ ಹೊತ್ತಿಗೆ ಮಹಡಿ ಮನೆಯ ಮೇಷ್ಟ್ರು ಕುರ್ಚಿಯಲ್ಲಿ ಕೂತಿದ್ದರು, ಮುಖದ ತುಂಬ ನೊರೆ. ಶಾಲೆಯಲ್ಲಿ ಆಟ ಕಲಿಸುವ ಅವರಿಗೆ ಬೆಟ್ಟ ಸುತ್ತುವುದೆಂದರೆ ಪ್ರಾಣ.

"ಹೋಗಿ, ಖಂಡಿತ ಹೋಗಿ. ಆದ್ರೆ ಗೇಟಿನಲ್ಲಿ ಯಾವ ದಾರೀಲಿ ಹೋಗ್ತೀವಿ ಅಂತ ಹೇಳಿ ಹೋಗಿ."

"ಅಲ್ಲಾಡಬೇಡಿ ಮೇಷ್ಟ್ರೇ, ಕೊಯ್ದುಹೋಗುತ್ತೆ," ಅಂದ ಒಳದಾರಿ, ಕತ್ತಿ ಕೆನ್ನೆಗೆ ತಂದು.

ಮೇಷ್ಟ್ರು ಬಾಯಿ ಮುಚ್ಚಿದರು. ಕತ್ತಿ ತೊಳೆಯಲು ಅವನು ತಿರುಗಿದ್ದೇ ತಡ, ಮತ್ತೆ ಶುರು. "ಮಧ್ಯಾಹ್ನ ಆಯ್ತು ಅಂದ್ರೆ ಎಲ್ಲಿದ್ರೂ ಹಿಂದೆ ತಿರುಗಬೇಕು. ಮೇಲೆ ಮಂಜು ಹೇಳಿ ಕೇಳಿ ಬರಲ್ಲ."

"ತುಟಿ ಹತ್ರ ಬಂದಿದೀನಿ ಮೇಷ್ಟ್ರೇ."

ಗದ್ದ ಮುಗಿಯುವ ಹೊತ್ತಿಗೆ ತಾಯಿಯೇ ಎದ್ದು ಬಂದರು. "ಅವನನ್ನ ಬಿಡಿ, ನನಗೆ ಹೇಳಿ. ದಾರಿ ತಪ್ಪಿದ್ರೆ ಏನು ಮಾಡೋದು?"

"ಏನೂ ಮಾಡಬಾರದಮ್ಮಾ. ನಿಂತಲ್ಲೇ ಕೂತ್ಕೋಬೇಕು. ಬೆಚ್ಚಗೆ ಹೊದ್ದು, ಎದ್ದು ಕಾಣೋ ಬಣ್ಣದ ಬಟ್ಟೆ ಕಟ್ಟಿ, ಸೀಟಿ ಊದಬೇಕು. ಮೂರು ಸಲ ಊದಿ, ಸ್ವಲ್ಪ ಬಿಟ್ಟು, ಮತ್ತೆ ಮೂರು ಸಲ. ಹಳ್ಳ ಹಿಡಿದು ಇಳಿಯೋಕೆ ಮಾತ್ರ ಹೋಗಬಾರದು."

"ಕೂತ್ಕೊಂಡ್ರೆ ಮನೆ ಸೇರೋದು ಹೇಗೆ?" ಒಳದಾರಿ ನಕ್ಕ. "ಅಮ್ಮನ್ನ ಸುಮ್ನೆ ಹೆದರಿಸಬೇಡಿ."

ತಾಯಿ ಹೆದರಲಿಲ್ಲ. ಸಂಜೆ ಸೊಸೆಯ ಪಕ್ಕ ಕೂತು ಎಲ್ಲ ಹೇಳಿದರು. ಸೊಸೆ ಹೊಲಿದು ಮಿಕ್ಕ ಕೇಸರಿ ಬಣ್ಣದ ಬಟ್ಟೆಯೊಂದನ್ನು ಮಡಿಸಿ ಚೀಲಕ್ಕೆ ಹಾಕಿದಳು. ಎರಡು ಉಣ್ಣೆ ಶಾಲು ತುರುಕಿದಳು. ಮೇಷ್ಟ್ರಿಂದ ಒಂದು ಸೀಟಿಯನ್ನೂ ಉದ್ಯಾನದ ಕಚೇರಿಯ ಫೋನ್ ನಂಬರನ್ನೂ ಇಸಿದುಕೊಂಡಳು.

"ಅತ್ತೆ, ಯಾವ ದಾರೀಲಿ ಹೋಗ್ತೀರಿ?"

"ಕೆರೆ ದಾರಿ. ಬಿಸಿಲು ಇಳಿಯೋ ಹೊತ್ತಿಗೆ ಗೇಟಿಗೆ ಬಂದು ಫೋನ್ ಮಾಡ್ತೀನಿ. ಬರಲಿಲ್ಲ ಅಂದ್ರೆ ನೀನು ಸುಮ್ನೆ ಕೂರಬೇಡ ತಾಯಿ."

ಹೊರಟ ದಿನ ಒಳದಾರಿ ಗೇಟಿನ ಬಳಿ ನಿಲ್ಲಲೇ ಇಲ್ಲ, ಕಾವಲಿನವರಿಗೆ ಕೈಬೀಸಿ ಮುಂದೆ ನಡೆದ. ದಾರಿ ಚೆನ್ನಾಗಿತ್ತು. ಕಲ್ಲುಗಳಿಗೆ ಬಿಳಿ ಬಣ್ಣದ ಗುರುತು. ತಾಯಿ ನಿಧಾನವಾಗಿ, ನಿಂತು ನಿಂತು ಹತ್ತಿದರು. ಮಧ್ಯಾಹ್ನ ಕೆರೆ ಇನ್ನೂ ದೂರವಿತ್ತು.

"ತಿರುಗೋಣ್ವಾ?" ಅಂದರು ತಾಯಿ.

"ಇಷ್ಟು ದೂರ ಬಂದು? ಇನ್ನೊಂದು ಏರು ಅಷ್ಟೇ."

ಕೆರೆ ಸಿಕ್ಕಿತು. ಚಿತ್ರಕ್ಕಿಂತ ಚೆನ್ನಾಗಿತ್ತು. ತಾಯಿ ನೀರಿಗೆ ಕೈ ಅದ್ದಿ, ಮಗುವಿನಂತೆ ನಕ್ಕರು. ಆದರೆ ಬಿಸಿಲು ವಾಲಿತ್ತು. ಇಳಿಯುವಾಗ ದಾರಿ ಸುತ್ತಿ ಬಳಸಿ ಹೋಗುವುದನ್ನು ಕಂಡು ಒಳದಾರಿಗೆ ತಡೆಯಲಾಗಲಿಲ್ಲ. "ಅದೋ ನೋಡು, ಅದೇ ದಾರಿ ಕೆಳಗೆ ಕಾಣ್ತಿದೆ. ಈ ಪೊದೆ ದಾಟಿದ್ರೆ ಆಯ್ತು."

ಪೊದೆ ದಾಟಿದರು. ಇನ್ನೊಂದು ಪೊದೆ ಬಂತು. ಅಷ್ಟರಲ್ಲಿ ಯಾರೋ ಬಿಳಿ ಪರದೆ ಎಳೆದಂತೆ ಮಂಜು ಕವಿಯಿತು. ಮೇಲಿನ ದಾರಿಯೂ ಇಲ್ಲ, ಕೆಳಗಿನ ದಾರಿಯೂ ಇಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಕೆಳಗೆಲ್ಲೋ ನೀರು ಹರಿಯುವ ಸದ್ದು.

"ಹಳ್ಳ! ನೀರು ಕೆಳಕ್ಕೇ ತಾನೇ ಹೋಗೋದು? ಅದರ ಜೊತೇಲೇ ಇಳಿಯೋಣ."

ತಾಯಿ ಒಂದು ಬಂಡೆ ನೋಡಿ ಕೂತುಬಿಟ್ಟರು.

"ಅಮ್ಮಾ, ಏಳು."

"ಏಳಲ್ಲ."

"ಕತ್ತಲಾಗುತ್ತಮ್ಮಾ!"

"ಆಗ್ಲಿ. ನಾನು ಏಳಲ್ಲ."

"ಸರಿ, ನಾನೇ ನೋಡ್ಕೊಂಡು ಬರ್ತೀನಿ," ಎಂದು ಸಿಡುಕಿ ನೀರಿನ ಸದ್ದಿನ ಕಡೆ ಇಳಿದ. ಕೆಲವು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಪಾಚಿಗೆ ಕಾಲು ಜಾರಿತು. ಕೈಗೆ ಸಿಕ್ಕ ಗಿಡದ ಬುಡ ಹಿಡಿದುಕೊಂಡ. ಕಾಲಡಿಯ ಕಲ್ಲೊಂದು ಕಳಚಿ ಉರುಳಿತು. ಅದು ಬಿದ್ದ ಸದ್ದಿಗಾಗಿ ಕಾದ. ಎಷ್ಟೋ ಹೊತ್ತಿನ ಮೇಲೆ, ಪಾತಾಳದಿಂದೆಂಬಂತೆ, ಟಪ್ ಎಂದಿತು.

ತೆವಳಿಕೊಂಡು ಮೇಲೆ ಬಂದ. ತಾಯಿ ಶಾಲು ಹೊದಿಸಿದರು. ಕೇಸರಿ ಬಟ್ಟೆಯನ್ನು ಗಿಡದ ತುದಿಗೆ ಕಟ್ಟಿ ಸೀಟಿ ಅವನ ಕೈಗಿಟ್ಟರು.

"ಊದು. ನನಗೆ ಅಷ್ಟು ಉಸಿರಿಲ್ಲ."

ಅವನು ಊದಿದ. ಮೂರು ಸಲ. ಮತ್ತೆ ಮೂರು ಸಲ. ಮಂಜು ಎಲ್ಲವನ್ನೂ ನುಂಗಿದಂತಿತ್ತು.

"ಯಾರಿಗೂ ಕೇಳ್ತಿಲ್ಲಮ್ಮಾ. ನಾನು ನಿನ್ನನ್ನ ಎಂಥಾ ಕಡೆ ತಂದುಬಿಟ್ಟೆ..."

"ಲೋ, ಚಿಕ್ಕವನಿದ್ದಾಗ ನೀನು ಸಂತೇಲಿ ಕಳೆದುಹೋಗಿದ್ದೆ. ಗೊತ್ತಾ, ಹೇಗೆ ಸಿಕ್ಕಿದೆ? ಬಳೆ ಅಂಗಡಿ ಮುಂದೆ ನಿಂತಲ್ಲೇ ನಿಂತು, ಊರೆಲ್ಲ ಕೇಳೋ ಹಾಗೆ ಬಾಯಿ ಬಡ್ಕೊಳ್ತಿದ್ದೆ. ಆವತ್ತು ನಿನಗಿದ್ದ ಬುದ್ಧಿ ಇವತ್ತೂ ಇರಲಿ. ಊದು."

ಅಳು ಬರುವಂತಿದ್ದ ಅವನಿಗೆ ನಗು ಬಂತು. ಊದಿದ.

ಇತ್ತ ಮನೆಯಲ್ಲಿ ಬಿಸಿಲು ಇಳಿದರೂ ಫೋನ್ ಬರಲಿಲ್ಲ. ಸೊಸೆ ಇನ್ನೂ ಸ್ವಲ್ಪ ನೋಡೋಣ ಎಂದುಕೊಳ್ಳಲಿಲ್ಲ, ಉದ್ಯಾನದ ಕಚೇರಿಗೆ ಫೋನ್ ಮಾಡಿದಳು. "ನಮ್ಮತ್ತೆ, ನಮ್ಮ ಯಜಮಾನ್ರು. ಕೆರೆ ದಾರೀಲಿ ಹೋಗಿದಾರೆ. ಇನ್ನೂ ಬಂದಿಲ್ಲ." ಕಾವಲಿನವರು ಆಗಲೇ ಹೊರಟರು.

ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಒಳದಾರಿ ಊದಿ ನಿಲ್ಲಿಸಿದ. ಮಂಜಿನ ಆಚೆಯಿಂದ ಇನ್ನೊಂದು ಸೀಟಿ ಉತ್ತರ ಕೊಟ್ಟಿತು.

"ಅಮ್ಮಾ! ಕೇಳಿಸ್ತಾ?"

"ನನಗೇನು ಕಿವುಡಾ? ಊದೋ!"

ಟಾರ್ಚಿನ ಬೆಳಕು ಕಂಡಿತು, ಅದರ ಹಿಂದೆ ಇಬ್ಬರು. ಮುಂದಿದ್ದ ಕಾವಲಿನ ಹೆಂಗಸು ಗಿಡದ ಮೇಲಿನ ಬಟ್ಟೆ ನೋಡಿ, "ಸದ್ಯ! ಇಬ್ರೂ ಕೂತೇ ಇದೀರಲ್ಲ," ಎಂದು ನಿಟ್ಟುಸಿರು ಬಿಟ್ಟಳು. "ಕೆಳಗೆ ಹಳ್ಳ ನೇರ ಪ್ರಪಾತಕ್ಕೆ ಬೀಳುತ್ತೆ. ಮನೆಯವರು ಫೋನ್ ಮಾಡಿ ದಾರಿ ಹೇಳಿದ್ದಕ್ಕೆ ಬೇಗ ಬಂದ್ವಿ. ಇಲ್ದಿದ್ರೆ ಇಷ್ಟು ದೊಡ್ಡ ಬೆಟ್ಟದಲ್ಲಿ ಎಲ್ಲಿ ಅಂತ ಹುಡುಕೋದು?"

ಒಳದಾರಿ ಕೈ ಮುಗಿದ.

ಗೇಟಿನ ಬಳಿ ಸಿಗ್ನಲ್ ಸಿಕ್ಕಿತು. "ನಾನು ಕಣೇ..." ಎನ್ನುವಷ್ಟರಲ್ಲಿ ಹೆಂಡತಿ, "ಅತ್ತೆಗೆ ಕೊಡಿ ಮೊದಲು," ಅಂದಳು. ಅತ್ತೆ ಸೊಸೆ ಇಬ್ಬರೂ ಫೋನಿನಲ್ಲೇ ಅತ್ತರು, ನಕ್ಕರು. ಕಾವಲಿನವರು ಕೊಟ್ಟ ಬಿಸಿ ಚಹಾ ಕುಡಿಯುತ್ತ ಅವನು ಪಕ್ಕದಲ್ಲಿ ಕೂತಿದ್ದ. ಇಷ್ಟು ರುಚಿಯಾದ ಚಹಾ ಜನ್ಮದಲ್ಲಿ ಕುಡಿದಿಲ್ಲ ಎಂದು ಅವನಿಗೆ ಅನ್ನಿಸಿತು.

ಮುಂದಿನ ರಜೆಗೆ ಮೂವರೂ ಹೋದರು. ಈ ಸಲ ಗೇಟಿನಲ್ಲಿ ಅವನೇ ನಿಂತು ಎಲ್ಲ ಹೇಳಿದ. ಅರ್ಧ ದಾರಿಯಲ್ಲಿ ಮೇಲೆ ಮೋಡ ಕಟ್ಟಿತು. "ತಿರುಗೋಣ," ಅಂದದ್ದೂ ಅವನೇ. ಹೆಂಡತಿ ಇನ್ನೂ ಕೆರೆ ನೋಡಿರಲಿಲ್ಲ. "ಅಯ್ಯೋ," ಅಂದಳು. ಆಮೇಲೆ ಬಾಳೆಹಣ್ಣು ಸುಲಿಯುತ್ತ ತಾನೇ ಅಂದಳು, "ಇರಲಿ ಬಿಡಿ. ಕೆರೆಗೇನು ಕಾಲಿದೆಯಾ, ಎದ್ದು ಹೋಗೋಕೆ?"

ನೀವೂ ಬೆಟ್ಟಕ್ಕೆ ಹೋಗಿ, ಮಕ್ಕಳು ಮುದುಕರನ್ನೂ ಕರೆದುಕೊಂಡು ಹೋಗಿ. ಹೊರಡುವ ಮೊದಲು ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಮನೆಯವರಿಗೂ ಗೇಟಿನವರಿಗೂ ಹೇಳಿ. ನೀರು, ಬೆಚ್ಚನೆಯ ಬಟ್ಟೆ, ಟಾರ್ಚು, ಸೀಟಿ ಚೀಲದಲ್ಲಿರಲಿ. ಗುರುತಿನ ದಾರಿ ಬಿಡಬೇಡಿ. ಹೊತ್ತು ಮೀರಿದರೆ, ಮೋಡ ಕಟ್ಟಿದರೆ ಹಿಂದೆ ತಿರುಗಿ, ಅದು ಸೋಲಲ್ಲ. ದಾರಿ ತಪ್ಪಿತೋ, ಅಲ್ಲೇ ಕೂತುಬಿಡಿ, ಸೀಟಿ ಊದಿ. ನೀವು ನಿಂತಲ್ಲೇ ಇದ್ದರೆ ಹುಡುಕುವವರು ನಿಮ್ಮ ಬಳಿಗೆ ಬಂದು ಮುಟ್ಟುತ್ತಾರೆ. ಶಿಖರ ಮುಟ್ಟಿದವರನ್ನು ಜನ ಹೊಗಳಬಹುದು; ಮನೆ ಬಾಗಿಲಲ್ಲಿ ಕಾದು ನಿಂತವರಿಗೆ ಬೇಕಾಗಿರುವುದು ನೀವು.