ಮೊದಲ ಹಿಡಿ ಮಣ್ಣು

“ಬ್ಯಾಡಿ ಅಂದ್ರೆ ಕೇಳಾಕಿಲ್ವಲ್ಲ ನೀವು” ಎಂದು ಕುಸುಮ ಗಂಡನ ತೋಳು ಹಿಡಿದು ಎಳೆಯುವ ಹೊತ್ತಿಗೆ ಚಟ್ಟದ ಮುಂದಿನ ಬಿದಿರು ಪುಟ್ಟಸಿದ್ದಯ್ಯನ ಹೆಗಲೇರಿಯಾಗಿತ್ತು.

ಬೀದಿಯ ತುದಿಯಲ್ಲಿ ಟ್ರಾಕ್ಟರು ಸಿದ್ಧವಾಗಿ ನಿಂತಿತ್ತು. ಮಧುವನಹಳ್ಳಿಯಿಂದ ಇವರ ಹೊಲಕ್ಕೆ ದೂರ, ದಾರಿಯೂ ಏರು, ಮೇಲೆ ಸುಡುಬಿಸಿಲು. ಊರಿನಲ್ಲಿ ಯಾರು ಸತ್ತರೂ ಮುಂದೆ ನಿಂತು ನಡೆಸಿಕೊಡುವ ಯಜಮಾನ ಶಿವನಂಜಯ್ಯ, ಹೆಣವನ್ನು ಟ್ರಾಕ್ಟರಿನಲ್ಲೇ ಒಯ್ದರಾಯಿತು ಎಂದು ಬೆಳಗಿನಿಂದ ಹೇಳುತ್ತಲೇ ಇದ್ದರು. ಪುಟ್ಟಸಿದ್ದಯ್ಯ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

“ಅವ್ವ ನನ್ನ ಇಷ್ಟು ವರ್ಸ ನಡೆಸವ್ಳೆ. ಇವತ್ತು ನಾನು ಅವಳ್ನ ಟ್ರಾಕ್ಟರ್ ಮ್ಯಾಲೆ ಆಕ್ಲಾ?” ಎಂದ.

ತಮಟೆ ಮುಂದೆ ಹೊರಟಿತು. ಈ ಕುಲದಲ್ಲಿ ಹೆಂಗಸರೂ ಮಣ್ಣಿಗೆ ಹೋಗುವ ವಾಡಿಕೆ. ಕುಸುಮ ಗಂಡನ ಬೆನ್ನ ಮೇಲೇ ಕಣ್ಣಿಟ್ಟು ನಡೆದಳು. ಬೆಳಗಿನಿಂದ ಆ ಮನುಷ್ಯ ಅರ್ಧ ಲೋಟ ನೀರು ಬಿಟ್ಟರೆ ಬಾಯಿಗೆ ಏನೂ ಹಾಕಿರಲಿಲ್ಲ. ಬೇರೆ ಮನೆಯಾಗಿದ್ದರೆ ಅವಳೂ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಈ ಮನೆಯ ಗಂಡಸರು ಐವತ್ತು ದಾಟಿದವರಲ್ಲ. ಮಾವ ದಾಟಲಿಲ್ಲ, ಮಾವನ ತಮ್ಮ ದಾಟಲಿಲ್ಲ, ಅವರಪ್ಪನೂ ದಾಟಲಿಲ್ಲ. ಎಲ್ಲರೂ ಎದೆ ಹಿಡಿದುಕೊಂಡೇ ಹೋದವರು. ಹೆಂಗಸರು ಮಾತ್ರ ಗಟ್ಟಿಗಿತ್ತಿಯರು, ಹಣ್ಣುಹಣ್ಣು ಮುದುಕಿಯರಾಗಿ ಬದುಕಿದರು. ಹಾಗಾಗಿ ಇಲ್ಲಿ ತಾಯಂದಿರೇ ಮಕ್ಕಳಿಗೆ ಮಣ್ಣು ಹಾಕಬೇಕಾಯಿತು. ಕೊನೆಗೆ ಆ ತಾಯಂದಿರು ಸತ್ತಾಗ ಮೊದಲ ಮಣ್ಣು ಹಾಕಲು ಮಗ ಇರುತ್ತಿರಲಿಲ್ಲ. ತವರಿನಿಂದ ಅಣ್ಣನ ಮಗನೋ ತಮ್ಮನ ಮಗನೋ ಬರಬೇಕಿತ್ತು.

ಪುಟ್ಟಸಿದ್ದಯ್ಯನಿಗೆ ಈಗ ಐವತ್ತೆಂಟು.

*

ಹನೂರು ರಸ್ತೆಯಲ್ಲಿ ಮಾವನದೊಂದು ಬೋಂಡದ ಅಂಗಡಿ ಇತ್ತಂತೆ. ಅದರ ರುಚಿಗೆ ಬಸ್ಸಿನವರು ಬೇಕೆಂದೇ ಅಲ್ಲಿ ನಿಲ್ಲಿಸುತ್ತಿದ್ದರಂತೆ. ಮಿಕ್ಕ ಬೋಂಡ ಮನೆಯವರ ರಾತ್ರಿಯೂಟಕ್ಕೆ, ಕರಿದುಳಿದ ಎಣ್ಣೆ ಮಾರನೆಯ ದಿನದ ಒಗ್ಗರಣೆಗೆ, ನಡುನಡುವೆ ಬೀಡಿ. ಒಂದು ದಿನ ಮಾವ ಬಾಣಲೆಯ ಮುಂದೆ ಬೆವೆತು ಕುಳಿತಾಗ, ಗ್ಯಾಸು ಅಂತ ಎಲ್ಲರೂ ಸೇರಿ ಸೋಡಾ ಕುಡಿಸಿದರು. ಸೋಡಾ ಮುಗಿಯುವಷ್ಟರಲ್ಲಿ ಮನುಷ್ಯನೇ ಇರಲಿಲ್ಲ.

ಮನೆಗೆ ಶಾಪ ಇದೆ ಎಂದಿತು ಊರು. ಬಾಗಿಲ ದಿಕ್ಕು ಸರಿಯಿಲ್ಲ ಎಂದವರೂ ಉಂಟು. ಅತ್ತೆ ಚಿಕ್ಕತಾಯಮ್ಮ ಯಾರ ಮಾತನ್ನೂ ತೆಗೆದುಹಾಕಲಿಲ್ಲ. ಬೆಟ್ಟಕ್ಕೆ ಹೋಗಿ ಮಾದಪ್ಪನಿಗೆ ಮುಡಿ ಕೊಟ್ಟಳು, ಬಾಗಿಲನ್ನೂ ತಿರುಗಿಸಿದಳು. ಆಮೇಲೆ ಮೀಸೆ ಚಿಗುರುತ್ತಿದ್ದ ಒಬ್ಬನೇ ಮಗನನ್ನು ಎಳೆದುಕೊಂಡು ಕೊಳ್ಳೇಗಾಲದ ಡಾಕ್ಟರ ಮುಂದೆ ಕುಳಿತಳು.

ರಕ್ತದಲ್ಲಿ ಬಂದದ್ದು ನಮ್ಮ ಕೈಯಲ್ಲಿಲ್ಲ, ಬಾಯಿಗೆ ಹಾಕುವುದು ನಮ್ಮ ಕೈಯಲ್ಲಿದೆ ಎಂದರಂತೆ ಅವರು. ಎಣ್ಣೆ, ಉಪ್ಪು ಹಿಡಿತದಲ್ಲಿರಲಿ, ಬೀಡಿ ಕೂಡದು, ದಿನಾ ನಡೆಯಬೇಕು, ಆಗಾಗ ಬಂದು ಬಿಪಿ ತೋರಿಸಬೇಕು. ಅತ್ತೆ ಕೇಳಿದ್ದು ಒಂದೇ ಮಾತು: “ನನ್ ಮಣ್ಣಿಗೆ ಇವ್ನು ಇರ್ತಾನಾ ಸಾ?”

ಮಾತು ಕೊಡಲು ಆಗುವುದಿಲ್ಲಮ್ಮ, ಪ್ರಯತ್ನ ಮಾಡಿ ಎಂದರಂತೆ ಡಾಕ್ಟರು. ಅತ್ತೆಗೆ ಅಷ್ಟೇ ಸಾಕಾಯಿತು. ಬಂದವಳೇ ಬಾಣಲೆ ಕವುಚಿ ಹಾಕಿ ಇಡ್ಲಿ ಪಾತ್ರೆ ಹೂಡಿದಳು. ಆಸ್ಪತ್ರೆ ಹೋಟ್ಲು ಎಂದು ಜನ ನಕ್ಕರು, ವ್ಯಾಪಾರ ಅರ್ಧಕ್ಕರ್ಧ ಬಿದ್ದುಹೋಯಿತು. ಆಕೆ ಯಾವುದಕ್ಕೂ ಸೊಪ್ಪು ಹಾಕಲಿಲ್ಲ. ಎಂಥಾ ಹಟಮಾರಿ ಹೆಂಗಸು! ದಿನಾ ಬೆಳಗ್ಗೆ ಮೀಸೆ ಹೊತ್ತ ಮಗನನ್ನು ಕೆರೆ ಏರಿಯ ಮೇಲೆ ನಡೆಸಿಕೊಂಡು ಹೋಗುವಳು. ಓರಗೆಯವರು ಅವನನ್ನು ಅವ್ವನ ಬಾಲ ಎಂದು ಆಡಿಕೊಳ್ಳುವರು. ಸಂಜೆ ಮನೆಗೆ ಬಂದರೆ ಬೀಡಿಯ ವಾಸನೆಗೆ ಬಾಯಿ ಮೂಸುವಳು. ಮುಂದೆ ಬಿಪಿ ಕಾಣಿಸಿಕೊಂಡು ಮಾತ್ರೆ ಶುರುವಾದ ಮೇಲೆ, ಅವನು ನುಂಗುವ ತನಕ ಎದುರಿನಿಂದ ಕದಲುತ್ತಿರಲಿಲ್ಲ.

*

ಕುಸುಮ ಈ ಮನೆಗೆ ಬಂದ ಹೊಸದರಲ್ಲಿ ಸಾರು ಬಾಯಿಗಿಟ್ಟು ಅತ್ತುಬಿಟ್ಟಿದ್ದಳು. ಉಪ್ಪಿಲ್ಲ, ಎಣ್ಣೆ ಇಲ್ಲ, ಇದೂ ಒಂದು ಸಂಸಾರವೇ? ಒಂದು ಹಬ್ಬದ ದಿನ ಅತ್ತೆಯ ಕಣ್ಣು ತಪ್ಪಿಸಿ, ಪಕ್ಕದ ಮನೆಯಲ್ಲಿ ಹಪ್ಪಳ, ಬೋಂಡ ಕರಿದು ಗಂಡನಿಗೆ ಬಡಿಸಿದಳು. ಅವನು ಬೆರಳು ಚೀಪಿಕೊಂಡು ತಿಂದ.

ಅತ್ತೆಗೆ ಗೊತ್ತಾಗದೆ ಇರುತ್ತದೆಯೇ? ಬೈಯುತ್ತಾಳೆಂದು ಸೊಸೆ ಜಗಳಕ್ಕೆ ಸೆರಗು ಕಟ್ಟಿಕೊಂಡು ನಿಂತಿದ್ದಳು. ಚಿಕ್ಕತಾಯಮ್ಮ ಬೈಯಲಿಲ್ಲ. ಹಬ್ಬದೂಟ ಬಿಟ್ಟು ಜಗುಲಿಯ ಮೇಲೆ ಕುಳಿತಿದ್ದವಳು ಸಂಜೆ ಕುಸುಮಳನ್ನು ಹತ್ತಿರ ಕೂರಿಸಿಕೊಂಡಳು.

“ಗಂಡನ್ಗೆ ಬಡಿಸೋ ಆಸೆ ನಂಗೂ ಇತ್ತು ಕಣವ್ವ. ಬಡಿಸ್ದೆ.”

ಅಷ್ಟೇ. ಮಾರನೆಯ ಬೆಳಗಿನಿಂದ ಕೆರೆ ಏರಿಯ ಮೇಲೆ ಮೂರು ಜನ ನಡೆಯತೊಡಗಿದರು.

*

ಹೊಲದ ಏರು ಬಂದಾಗ ಉಳಿದ ಮೂವರು ಹೆಗಲು ಬದಲಿಸಿದರು. ಪುಟ್ಟಸಿದ್ದಯ್ಯ ಬದಲಿಸಲಿಲ್ಲ. ಅತ್ತೆ ಮೊನ್ನೆ ರಾತ್ರಿ ಮುದ್ದೆ, ಸೊಪ್ಪಿನ ಸಾರು ಉಂಡು ಮಲಗಿದವಳು ಹಾಗೆಯೇ ಹೋಗಿದ್ದಳು. ಅಂಥ ಸಾವು ಬೇಡಿದರೂ ಸಿಗುವುದಿಲ್ಲ ಎಂದು ಹೆಂಗಸರು ಹಿಂದೆ ಮಾತಾಡಿಕೊಳ್ಳುತ್ತಿದ್ದರು. ಕುಸುಮಳಿಗೆ ಅದ್ಯಾವುದೂ ಕಿವಿಗೆ ಹೋಗಲಿಲ್ಲ. ಗಂಡನ ಕತ್ತಿನ ನರ ಉಬ್ಬಿತ್ತು. ಇದೊಂದು ದಿನ ಕಳೆಯಲಿ ಮಾದಪ್ಪ, ಆ ಮುದುಕಿಯ ದುಡಿಮೆ ನೀರುಪಾಲಾಗದಿರಲಿ ಎಂದು ಬೇಡಿಕೊಳ್ಳುತ್ತಲೇ ಹತ್ತಿದಳು.

ಮಾವನ ಗುಡ್ಡೆಯ ಪಕ್ಕದಲ್ಲೇ ಗುಂಡಿ ತೋಡಿದ್ದರು. ಚಿಕ್ಕತಾಯಮ್ಮನನ್ನು ಇಳಿಸಿ, ಮುಖ ಕಾಣುವಂತೆ ಸೀರೆ ಸರಿಮಾಡಿದರು. ಗುಂಡಿಯ ದಡದಲ್ಲಿ ಶಿವನಂಜಯ್ಯ ನಿಂತರು. ಈ ಮನೆಯ ಎಷ್ಟೋ ಸಾವುಗಳನ್ನು ನಡೆಸಿದ್ದ ನಾಲಿಗೆ. ಅದು ತನ್ನ ರೂಢಿಯಲ್ಲೇ ಕೂಗಿತು.

“ಅಗರದವ್ರು ಎಲ್ಲಪ್ಪ? ಬಿಳಿಗಿರಿ, ಬಾ ಮಗ. ಮೊದ್ಲು ನೀನು ಆಕು.”

ಚಿಕ್ಕತಾಯಮ್ಮನ ತವರು ಅಗರದಿಂದ ಬಂದಿದ್ದ ಅಣ್ಣನ ಮಗ ಬಿಳಿಗಿರಿಯೂ ಮುಂದೆ ಬಂದು ಮಣ್ಣಿಗೆ ಬಗ್ಗಿದ. ನೆರೆದ ಜನಕ್ಕೂ ಅದರಲ್ಲಿ ತಪ್ಪು ಕಾಣಲಿಲ್ಲ; ಈ ಮನೆಯ ಮಣ್ಣು ನಡೆಯುವುದೇ ಹಾಗೆ. ಕುಸುಮ ಗಂಡನತ್ತ ತಿರುಗಿದಳು.

“ಮಾವ” ಎಂದ ಪುಟ್ಟಸಿದ್ದಯ್ಯ ಯಜಮಾನರಿಗೆ. “ನಾನು ಇದ್ದೀನಲ್ಲ.”

ಬಿಳಿಗಿರಿಯ ಕೈಯಿಂದ ಮಣ್ಣು ಜಾರಿತು. ಶಿವನಂಜಯ್ಯ ತಿರುಗಿ ಪುಟ್ಟಸಿದ್ದಯ್ಯನನ್ನು ನೋಡಿಯೇ ನೋಡಿದರು. ನೆರೆತ ತಲೆ, ಬಿದಿರು ಒತ್ತಿ ಕೆಂಪಾದ ಹೆಗಲು.

“ಔದಲ್ಲಪ್ಪ” ಎಂದರು. “ಈ ಮನೇಲಿ ಮಗನ್ನ ಕರ್ದು ನಂಗೆ ಅಭ್ಯಾಸಿಲ್ಲ ಕಣ್ಲಾ. ಬಾ. ನಿಮ್ಮವ್ವ ಕಾಯ್ತಾವ್ಳೆ.”

ಪುಟ್ಟಸಿದ್ದಯ್ಯ ಮಂಡಿಯೂರಿ ಎರಡೂ ಕೈಯಲ್ಲಿ ಮಣ್ಣು ಬಾಚಿದ. ಮುಖದ ಮೇಲೆ ಬೀಳದಂತೆ, ಅವ್ವನ ಪಾದದ ಕಡೆಗೆ ಮೆಲ್ಲಗೆ ಬಿಟ್ಟ. ಆಮೇಲೆ ಯಾರ ಆಸರೆಯೂ ಇಲ್ಲದೆ ಎದ್ದು ದಡದ ಮೇಲೆ ನಿಂತ. ಅಳುತ್ತಿದ್ದ, ಬೆವರಿಗೆ ಅಂಟಿಕೊಂಡ ಬನಿಯನ್ನಿನ ಕೆಳಗೆ ಅವನ ಎದೆ ಏರುತ್ತಿತ್ತು, ಇಳಿಯುತ್ತಿತ್ತು.